ಪೆಕನ್ ಫೋರ್ಡಿನ ಅಂಕಿಹಲಗೆ

ನಾನು ಒಂದು ಮರದ ಹಲಗೆ. ಮೇಲೆ ಊರಿನ ಹೆಸರು, ಕೆಳಗೆ ಜನಸಂಖ್ಯೆ. ಇಷ್ಟೇ ನನ್ನ ವಿದ್ಯೆ. ಆದರೂ ಎಪ್ಪತ್ತು ವರ್ಷ ಈ ಎರಡು ಸಾಲನ್ನು ಬಾಯಿಪಾಠ ಒಪ್ಪಿಸುತ್ತ ನಿಂತವನಿಗೆ ಸ್ವಲ್ಪ ಜಂಬವಿದ್ದರೆ ತಪ್ಪಲ್ಲ.

ನನ್ನ ಊರು ಪೆಕನ್ ಫೋರ್ಡ್. ಅಮೆರಿಕದ ಟೆಕ್ಸಾಸ್ ರಾಜ್ಯದ ಟಾರ್ವರ್ ಕೌಂಟಿಯಲ್ಲಿದೆ. ನಿಮ್ಮ ಕಡೆ ಜಿಲ್ಲೆ ಅನ್ನುವುದಕ್ಕೆ ಇಲ್ಲಿ ಕೌಂಟಿ ಅನ್ನುತ್ತಾರೆ. ಅಲ್ಲಿಯ ಹಲಗೆಗೆ ಕನ್ನಡ ಹೇಗೆ ಬಂತು ಎಂದು ಹುಬ್ಬೇರಿಸಬೇಡಿ. ಹುನಗುಂದದ ಕಡೆಯ ನೀಲಗಂಗಾ ಈಗ ನನ್ನ ನೆರೆಯವಳು. ಅವಳು ಗಂಡನೊಡನೆ ಆಡುವ ಮಾತು ಕೇಳಿ ಕೇಳಿ ಕಲಿತೆ. ಹಾಗಾಗಿ ನನ್ನ ನೆನಪಿನಲ್ಲಿರುವ ಎಲ್ಲರೂ, ಸತ್ತವರೂ ಸೇರಿ, ಅವಳ ಊರಿನ ಮಾತನ್ನೇ ಆಡುತ್ತಾರೆ. ಕನಸಿನಲ್ಲಿ ಹೀಗೆಲ್ಲ ಆಗುತ್ತದೆ. ನಾನು ತಡೆಯಲು ಹೋಗುವುದಿಲ್ಲ.

ಮೊದಲು ನಾನು ಹತ್ತಿಯ ಬೀಜ ಬಿಡಿಸುವ ಜಿನ್ನಿನ ಬಾಗಿಲಾಗಿದ್ದೆ. ಜಿನ್ನು ಮುಚ್ಚಿದಾಗ ಎಬ್ನರ್ ಪ್ರುವಿಟ್ ಎಂಬ ರೈತ ನನ್ನನ್ನು ಕಿತ್ತು ತಂದು, ಕೊಯ್ದು, ಬಿಳಿ ಬಣ್ಣ ಬಳಿದ. ಜಿನ್ನಿನ ಮಾಡಿನ ತಗಡು ಕತ್ತರಿಸಿ ಅಂಕಿಗಳನ್ನು ಮಾಡಿದ. ನನ್ನ ಎದೆಗೆ ಮೂರು ಕೊಕ್ಕೆ ಹೊಡೆದು, ಉಳಿದ ಅಂಕಿಗಳನ್ನಿಡಲು ಕೆಳಗೊಂದು ಡಬ್ಬಿ ಕಟ್ಟಿದ. ಗಾಳಿ ಬಂದರೆ ಅಂಕಿಗಳು ಕಿಣಿಕಿಣಿ ಅನ್ನುತ್ತಿದ್ದವು. ನನಗದು ಕಚಗುಳಿ ಇಟ್ಟಂತಾಗುತ್ತಿತ್ತು. ನನ್ನ ಮೊದಲ ಅಂಕಿ ನೂರಾ ಅರವತ್ತಮೂರು.

ಎಬ್ನರ್ ಒಂದು ಪದ್ಧತಿಯನ್ನೂ ಹಾಕಿಕೊಟ್ಟ. ಊರಿಗೆ ಹೊಸದಾಗಿ ಬಂದವರು ತಾವೇ ಬಂದು ನನ್ನ ಅಂಕಿಯನ್ನು ಒಂದು ಏರಿಸಬೇಕು. ಊರು ಬಿಡುವವರು ತಮ್ಮ ಕೈಯಾರೆ ಒಂದು ಇಳಿಸಿ ಹೋಗಬೇಕು. ಮಗು ಹುಟ್ಟಿದರೆ ತಂದೆ ಏರಿಸಬೇಕು. ಯಾರಾದರೂ ಸತ್ತರೆ, ಮಣ್ಣು ಮಾಡಿ ಬಂದ ಮೇಲೆ ರಕ್ತಸಂಬಂಧಿಯೊಬ್ಬರು ಇಳಿಸಬೇಕು. ಅಲ್ಲಿಯವರೆಗೆ ಯಾರೂ ಊಟಕ್ಕೆ ಕೂರುವಂತಿಲ್ಲ. ಒಬ್ಬರ ಅಂಕಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕೌಂಟಿಯ ಬೇರೆ ಊರುಗಳವರು ನಕ್ಕರು, ನಮ್ಮವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಿನ ಕೌಂಟಿಯನ್ನು ನೀವು ನೋಡಬೇಕಿತ್ತು. ನಡುವೆ ಒಂದು ಹಳ್ಳ, ಅದರ ದಡದುದ್ದಕ್ಕೂ ಅಕ್ರೋಟಿನಂಥ ಕಾಯಿ ಬಿಡುವ ಪೆಕನ್ ಮರಗಳು. ಹಳ್ಳದ ಪಡುವಣಕ್ಕೆ ಕಪ್ಪು ಎರೆಮಣ್ಣು, ಹತ್ತಿಯ ಹೊಲ. ಮೂಡಣಕ್ಕೆ ಮರಳುನೆಲ, ಕುಳ್ಳ ಓಕ್ ಮರಗಳ ಕುರುಚಲು ಕಾಡು. ಇಡೀ ಕೌಂಟಿಗೆ ಹದಿನಾಲ್ಕು ಸಾವಿರ ಜನ, ಒಂದೇ ಒಂದು ಸಿಗ್ನಲ್ ದೀಪ. ನನ್ನ ಮುಂದಿನ ರಸ್ತೆಯಲ್ಲಿ ಒಂದು ಗಾಡಿ ಹೋದರೆ ಇನ್ನೊಂದು ಬರುವುದರೊಳಗೆ ನನಗೆ ಒಳ್ಳೆಯ ಜೊಂಪು ಹತ್ತುತ್ತಿತ್ತು. ಕಣ್ಣುಬಿಟ್ಟಾಗ ಹತ್ತಿ ಒಡೆದು, ಹೊಲವೆಲ್ಲ ಬೆಳ್ಳಗಾಗಿ, ಆಕಾಶ ಎಲ್ಲಿ ಮುಗಿಯಿತೆಂದೇ ತಿಳಿಯುತ್ತಿರಲಿಲ್ಲ.

ಎಬ್ನರನ ಮಕ್ಕಳು ಇಬ್ಬರು. ಹಿರಿಯವಳು ಹೆಟ್ಟಿ, ಕಿರಿಯವನು ರಾಯ್ಸ್. ವಾರಕ್ಕೊಮ್ಮೆ ನನ್ನ ಧೂಳು ಒರೆಸುವುದು ಹೆಟ್ಟಿಯ ಕೆಲಸ. ನಾನು ಕೆಳಗಿನಿಂದ ಕಂಡದ್ದು ಹೆಚ್ಚಾಗಿ ಅವಳ ಗದ್ದವನ್ನು. ಹಟಮಾರಿ ಗದ್ದ.

ಎಬ್ನರ್ ತೀರಿಕೊಂಡ ಮೇಲೆ ಇಬ್ಬರಿಗೂ ಹೊಲ ಪಾಲಾಯಿತು. ಅದೇ ಹೊತ್ತಿಗೆ ದಕ್ಷಿಣದ ಮಹಾನಗರ ನಮ್ಮ ಕಡೆಗೆ ತೆವಳಿಕೊಂಡು ಬರುತ್ತಿತ್ತು. ಮನೆ ಕಟ್ಟಿಸುವವರು ಹೊಳೆಯುವ ಬೂಟು ತೊಟ್ಟು ಹೊಲಗಳಲ್ಲಿ ಅಡ್ಡಾಡತೊಡಗಿದರು. ರಾಯ್ಸ್ ಹಳ್ಳದ ದಡದ ತನ್ನ ಪಾಲನ್ನು ಅವರಿಗೆ ಮಾರಿದ. ಅಕ್ಕ ತಮ್ಮ ನನ್ನ ಮುಂದೆಯೇ ನಿಂತು ಜಗಳವಾಡಿದರು.

“ಅಪ್ಪ ಉತ್ತಿದ್ದ ನೆಲಾನ ಮಾರಿದೆಲ್ಲೋ! ಇನ್ನ ಈ ಊರಾಗ ನಿನಗೇನೈತಿ?” ಎಂದಳು ಹೆಟ್ಟಿ.

“ಏನೂ ಇಲ್ಲಂದ್ರ ಹೊಕ್ಕೀನಿ ಬಿಡು,” ಎಂದ ರಾಯ್ಸ್.

ಮರುದಿನ ಬೆಳಿಗ್ಗೆ ಅವನ ಟ್ರಕ್ಕು ಸಾಮಾನು ಹೇರಿಕೊಂಡು ನನ್ನ ಮುಂದೆ ಹಾದುಹೋಯಿತು. ನಿಲ್ಲುತ್ತಾನೆ ಎಂದುಕೊಂಡೆ. ನಿಲ್ಲಲಿಲ್ಲ, ಮುಖವನ್ನೂ ಈ ಕಡೆ ತಿರುಗಿಸಲಿಲ್ಲ. ಅಂದು ನನ್ನ ಮೇಲೆ ನೂರಾ ಎಂಬತ್ತೆಂಟು ಇತ್ತು, ಊರಿನಲ್ಲಿ ನೂರಾ ಎಂಬತ್ತೇಳು ಜನ ಇದ್ದರು. ನನ್ನ ಜೀವಮಾನದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಬಹಳ ನಾಚಿಕೆಯಾಯಿತು.

ಕೆಲವು ವರ್ಷದ ಮೇಲೆ ಜನಗಣತಿಯವನೊಬ್ಬ ಬಂದ. ಮನೆಮನೆ ಸುತ್ತಿ, ಕಡೆಗೆ ನನ್ನನ್ನು ನೋಡಿ ತಲೆ ಕೆರೆದುಕೊಂಡ.

“ನಿಮ್ಮ ಹಲಗಿಮ್ಯಾಗ ಒಬ್ರು ಹೆಚ್ಚಿಗಿ ಅದಾರಲ್ರೀ ಅಕ್ಕಾರ.”

“ಅಂವ ನನ್ನ ತಮ್ಮ. ಒಕ್ಲಹೋಮಾದಾಗ ಇರ್ತಾನ,” ಎಂದಳು ಹೆಟ್ಟಿ.

“ಇಲ್ಲದ ಮನಷ್ಯಾನ್ನ ಹೆಂಗ ಎಣಿಸೂದ್ರಿ?”

“ನೀ ಮನಿಯಾಗಿದ್ದವರ್ನ ಎಣಸ್ತಿ. ನಾ ನಮ್ಮವರ್ನ ಎಣಸ್ತೀನಿ. ಅಂವ ಬಂದು ತನ್ನ ಕೈಲೆ ಇಳಿಸೋತನಕ ಅಂವ ಇದ್ದಂಗನ.”

ಅವನು ಹೋದ ಮೇಲೆ ಹೆಟ್ಟಿ ನನ್ನ ಕಂಬಕ್ಕೆ ಒರಗಿ ತುಂಬ ಹೊತ್ತು ರಸ್ತೆ ನೋಡಿದಳು. ತಮ್ಮ ಇಳಿಸಲೆಂದೇ ಆಗಲಿ, ಒಮ್ಮೆ ಬರಲಿ ಎಂಬುದಷ್ಟೇ ಅವಳ ಆಸೆ ಎಂದು ನನಗೆ ಅಂದು ಗೊತ್ತಾಯಿತು. ತಾನಾಗಿ ಒಂದು ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ಗದ್ದ ನೋಡಿದವನು ನಾನು, ನನಗೆ ಆಶ್ಚರ್ಯವಾಗಲಿಲ್ಲ.

ಅಷ್ಟರಲ್ಲಿ ಕೌಂಟಿ ಬೆಳೆಯತೊಡಗಿತು. ಬೆಳೆದದ್ದನ್ನು ಕಂಡೆ ಎಂದರೆ ಸುಳ್ಳಾಗುತ್ತದೆ. ಪ್ರತಿ ಜೊಂಪಿನಿಂದ ಎಚ್ಚರಾದಾಗಲೂ ಕೌಂಟಿ ಬೇರೆಯಾಗಿರುತ್ತಿತ್ತು. ಒಂದು ಬೆಳಿಗ್ಗೆ ಮಂಜು ಸರಿದಾಗ ರಾಯ್ಸ್ ಮಾರಿದ ಹೊಲದಲ್ಲಿ ಒಂದೇ ಅಚ್ಚಿನ ನಲವತ್ತು ಮನೆಗಳಿದ್ದವು. ಇನ್ನೊಂದು ಮಂಜು ಸರಿದಾಗ ಶಾಲೆ, ಮತ್ತೊಂದು ಸರಿದಾಗ ಆಸ್ಪತ್ರೆ. ಮೂಡಣದ ಓಕ್ ಕಾಡಿನ ಮೇಲೆ ನೀರಿನ ಟ್ಯಾಂಕುಗಳು ಅಣಬೆಗಳ ಹಾಗೆ ಎದ್ದವು. ಹದಿನಾಲ್ಕು ಸಾವಿರ ಹೋಗಿ ನಲವತ್ತಾಯಿತು, ತೊಂಬತ್ತಾಯಿತು, ಎರಡು ಲಕ್ಷ ದಾಟಿತು. ದೇಶದಲ್ಲೇ ಬಲು ಬೇಗ ಬೆಳೆಯುವ ಕೌಂಟಿಗಳಲ್ಲಿ ನಮ್ಮದೂ ಒಂದು ಎಂದು ದಾರಿಹೋಕರು ಮಾತಾಡಿಕೊಳ್ಳುತ್ತಿದ್ದರು. ನಾನು ಮಾತ್ರ ಇಳಿಯುತ್ತಿದ್ದೆ. ಹಳಬರು ಒಬ್ಬೊಬ್ಬರೇ ಸತ್ತರು, ಅವರ ಮಕ್ಕಳು ಬಂದು ಒಂದೊಂದು ಇಳಿಸಿ ಹೋದರು. ಹೊಸಬರಿಗೆ ಪದ್ಧತಿಯೇ ಗೊತ್ತಿರಲಿಲ್ಲ.

ರಸ್ತೆ ಅಗಲ ಮಾಡಲು ಬಂದವರು ನನ್ನನ್ನು ಕಿತ್ತರು. ನನ್ನ ಜಾಗದಲ್ಲಿ ಹಸಿರು ತಗಡಿನ ಫಲಕ ನಿಂತಿತು. ಅದರ ಮೇಲೆ ಪೆಕನ್ ಫೋರ್ಡಿನ ಜನಸಂಖ್ಯೆ ಅರವತ್ತೊಂದು ಸಾವಿರ. ಕೊಕ್ಕೆಯಿಲ್ಲ, ಡಬ್ಬಿಯಿಲ್ಲ, ಗಾಳಿ ಬಂದರೆ ಕಿಣಿ ಅನ್ನುವುದೂ ಇಲ್ಲ. ಹೆಟ್ಟಿ ನನ್ನನ್ನು ತನ್ನ ಗೇಟಿನ ಪಕ್ಕ ನೆಡಿಸಿದಳು. ಆಗ ನನ್ನ ಮೇಲೆ ನಲವತ್ತೊಂದು, ರಾಯ್ಸನೂ ಸೇರಿ.

ನೀಲಗಂಗಾ ಬಂದದ್ದು ಆಗ. ಅವಳು ಹೊಸ ಆಸ್ಪತ್ರೆಯಲ್ಲಿ ನರ್ಸು, ಗಂಡ ಸಂಗಮೇಶ ಶಾಲೆಯಲ್ಲಿ ಗಣಿತದ ಮೇಷ್ಟ್ರು. ರಾಯ್ಸ್ ಮಾರಿದ ಹೊಲದಲ್ಲೇ ಅವರ ಮನೆ. ಮಳೆ ನಿಂತ ಒಂದು ಸಂಜೆ ಇಬ್ಬರೂ ನಡೆದು ಬರುವಾಗ ಅವಳು ಚಪ್ಪಲಿ ಎತ್ತಿ ತೋರಿಸಿದಳು.

“ನೋಡ್ರಿ ಇಲ್ಲೆ, ಎರಿ ಮಣ್ಣು! ನಮ್ಮ ಹೊಲದ ಮಣ್ಣಽ ಬಂದಂಗೈತಿ.”

“ಹೌದಲ್ಲ. ಹತ್ತಿದ್ದು ಬಿಡವಲ್ದು,” ಎಂದು ಸಂಗಮೇಶ ಕಾಲು ಕೊಡವಿದ.

ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು. ಹೆಟ್ಟಿಯನ್ನು ಕರೆದು, ಇದೇನೆಂದು ಕೇಳಿದಳು. ಹೆಟ್ಟಿ ಪದ್ಧತಿ ಹೇಳಿದಳು, ತಮ್ಮನ ಕಥೆಯನ್ನೂ ಹೇಳಿದಳು.

“ನಾವೂ ಹಾಕಬಹುದೇನ್ರಿ ಆಯಿ?” ಎಂದು ನೀಲಗಂಗಾ ಕೇಳಿದಾಗ ಹೆಟ್ಟಿಯ ಗದ್ದ ನಡುಗಿತು. ಮೊದಲು ಅವಳು, ನಂತರ ಸಂಗಮೇಶ. ನಲವತ್ತಮೂರು. ಎಷ್ಟೋ ವರ್ಷದ ಮೇಲೆ ಏರಿದ್ದೆ. ಸುದ್ದಿ ಅವರ ಬೀದಿಯಲ್ಲೆಲ್ಲ ಹರಡಿ, ಭಾನುವಾರಕ್ಕೊಬ್ಬರು ಇಬ್ಬರು ಬರತೊಡಗಿದರು. ಎಪ್ಪತ್ತಮೂರರವರೆಗೆ ಹೋದೆ.

ಹೋದ ಚಳಿಗಾಲದಲ್ಲಿ ಹೆಟ್ಟಿ ತೀರಿಕೊಂಡಳು. ಕೊನೆಯ ವಾರವೂ ಆಸ್ಪತ್ರೆಯ ಕಿಟಕಿಯಲ್ಲಿ ರಸ್ತೆಯನ್ನೇ ನೋಡುತ್ತಿದ್ದಳಂತೆ. ಅವಳಿಗೆ ಮಕ್ಕಳಿಲ್ಲ. ರಕ್ತಸಂಬಂಧಿ ಎಂದರೆ ಒಬ್ಬನೇ. ನೀಲಗಂಗಾ ಅವನಿಗೆ ಫೋನು ಮಾಡಿದಳು.

ಮಣ್ಣು ಮಾಡಿ ಬಂದವರು ಗೇಟಿನ ಬಳಿ ನಿಂತರು. ನೆರೆಹೊರೆಯವರು ತಂದ ಅಡಿಗೆ ಮೇಜಿನ ಮೇಲೆ ಆರುತ್ತಿತ್ತು. ಯಾರೂ ಮುಟ್ಟಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಹಳೆಯ ಟ್ರಕ್ಕು ಬಂದು ನಿಂತಿತು. ಇಳಿದವನು ಎಪ್ಪತ್ತೆಂಟರ ಮುದುಕ. ಗದ್ದ ನೋಡಿಯೇ ಗುರುತು ಹಿಡಿದೆ, ರಾಯ್ಸ್.

ಅವನು ಟೋಪಿ ತೆಗೆದ. ಮೂರನ್ನು ತೆಗೆದು ಎರಡನ್ನು ತೂಗುಹಾಕಿದ. ಎಪ್ಪತ್ತೆರಡು. ಅಕ್ಕನದು ಇಳಿಯಿತು, ಅವನದು ಉಳಿದಿತ್ತು. ಎಲ್ಲರೂ ಕಾದರು. ಡಬ್ಬಿಯಲ್ಲಿ ಒಂದರ ಅಂಕಿ ಇತ್ತು, ಅದು ಅವನಿಗೂ ಕಾಣುತ್ತಿತ್ತು. ಅವನ ಕೈ ಡಬ್ಬಿಯವರೆಗೆ ಹೋಗಿ ನಿಂತಿತು.

“ಇನ್ನೊಂದೈತಲ್ಲೋ ರಾಯ್ಸ್,” ಎಂದ ಅವನ ಬಾಲ್ಯದ ಗೆಳೆಯ, ಕ್ಷೌರದ ಅಂಗಡಿಯ ಕರ್ಟಿಸ್.

“ಅದಕ್ಕಽ ನಾ ಇಷ್ಟು ವರ್ಷ ಬರಲಿಲ್ಲ,” ಎಂದ ರಾಯ್ಸ್. “ಬಂದ್ರ ನನ್ನ ಕೈಲೆ ಇಳಸಬೇಕಾಗತಿತ್ತು. ಬರಲಿಲ್ಲಂದ್ರ ಅಕ್ಕನ ಎಣಿಕಿಯೊಳಗ ನಾನೂ ಇರ್ತಿದ್ದೆ. ನನ್ನ ಅಂಕಿ ಹಂಗಽ ಐತಿ ಅಂತ ವರ್ಷಾ ವರ್ಷಾ ನೀನಽ ಫೋನಿನ್ಯಾಗ ಹೇಳತಿದ್ದೆಲ್ಲ, ಅಷ್ಟಽ ಸಾಕಾಗಿತ್ತು ನನಗ.”

ನೀಲಗಂಗಾ ಮುಂದೆ ಬಂದಳು. ಅವಳ ಕಣ್ಣು ತುಂಬಿತ್ತು.

“ಆಯಿಗೆ ಇಳಸೂದು ಬೇಕಾಗಿರಲಿಲ್ರೀ ಕಾಕಾ. ನೀವು ಬರೂದು ಬೇಕಾಗಿತ್ತು.”

ರಾಯ್ಸ್ ನನ್ನ ಎರಡೂ ಅಂಚು ಹಿಡಿದು, ಹಣೆಯನ್ನು ನನ್ನ ಮೇಲಿಟ್ಟು ಅತ್ತ. ಊರು ಅವನನ್ನು ಅಳಲು ಬಿಟ್ಟಿತು. ಆಮೇಲೆ ಕರ್ಟಿಸ್ ಅವನ ತೋಳು ಹಿಡಿದು ಊಟಕ್ಕೆ ಕರೆದುಕೊಂಡು ಹೋದ. ಡಬ್ಬಿಯಲ್ಲಿದ್ದ ಒಂದು ಅಲ್ಲೇ ಉಳಿಯಿತು.

ಅವನು ಹಿಂತಿರುಗಿ ಹೋಗಲಿಲ್ಲ. ಈಗ ಅಕ್ಕನ ಮನೆಯಲ್ಲೇ ಇದ್ದಾನೆ. ನನಗೂ ಒಂದು ಬದಿ ಗೆದ್ದಲು ಹತ್ತಿದೆ, ಜೊಂಪು ಹೆಚ್ಚಾಗಿದೆ. ಹಸಿರು ಫಲಕದ ಅರವತ್ತೊಂದು ಸಾವಿರದಲ್ಲಿ ಒಬ್ಬ ಹೆಚ್ಚಾದರೇನು, ಕಡಿಮೆಯಾದರೇನು, ಯಾರಿಗೂ ತಿಳಿಯದು. ನನ್ನ ಎಪ್ಪತ್ತೆರಡರಲ್ಲಿ ತಿಳಿಯುತ್ತದೆ. ಮೂವತ್ತೊಂದು ವರ್ಷದ ಮೇಲೆ ನನ್ನ ಅಂಕಿಯೂ ಪದ್ಧತಿ ಪಾಲಿಸಿದ ಊರವರ ಎಣಿಕೆಯೂ ಒಂದಾಗಿವೆ. ಅದನ್ನು ಹೆಟ್ಟಿ ನೋಡಲಿಲ್ಲವಲ್ಲ ಎಂದು ನನಗೆ ದಿನವೂ ಸಂಕಟವಾಗುತ್ತದೆ.