ಬಾಗಿಲಲ್ಲಿ ನಿಂತ ಕ್ಯಾಮೆರಾ

ಕೆಂಪು ಶಾಯಿ ಹಾಳೆಯ ಹಿಂಬದಿಗೂ ಇಳಿದಿದೆ, ಅಷ್ಟು ಒತ್ತಿ ಬರೆದಿದ್ದಾರೆ ಮೇಷ್ಟ್ರು, ಹತ್ತು ದೃಶ್ಯಗಳಿಗೂ ಅಡ್ಡಗೆರೆ, ಇದು ಭಾಷಣ, ಇದು ಎಲ್ಲೋ ನೋಡಿದ್ದು, ಅದಕ್ಕೆಲ್ಲ ನಾನು ಸಿದ್ಧಳಾಗೇ ಇದ್ದೆ, ಮೊದಲ ಕರಡು ಅಂದಮೇಲೆ ಬೈಸಿಕೊಳ್ಳುವುದು ಇದ್ದದ್ದೇ — ಆದರೆ ಹನ್ನೊಂದನೇ ದೃಶ್ಯಕ್ಕೆ ಸುತ್ತು ಹಾಕಿ, ಇದೊಂದೇ ನಿಜ, ಕ್ಯಾಮೆರಾ ಯಾಕೆ ಬಾಗಿಲಲ್ಲೇ ನಿಂತಿದೆ, ಅಲ್ಲಿರೋದು ಯಾರು? ಯಾರೂ ಇಲ್ಲ ಸರ್, ತಾಯಿ ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ಕುಸಿಯುತ್ತಾಳೆ, ಅಂತ ಹೇಳಿದೆ, ಅವರು ಕನ್ನಡಕ ಒರೆಸುತ್ತ, ಯಾರೂ ಇಲ್ಲದಿದ್ರೆ ಆಕೆ ಸಿಂಕಿನ ಅಂಚು ಹಿಡಿಯೋಕೆ ಮೂರು ಸಲ ಕೈ ಚಾಚಿದ್ದು ಕಂಡೋರು ಯಾರಮ್ಮಾ, ಅವರನ್ನ ಬರಿ, ನಾಲ್ಕು ಗಂಟೆಗೆ ಕೊಡು, ಇಲ್ಲಾಂದ್ರೆ ಈ ವರ್ಷ ನಿನ್ನ ಚಿತ್ರ ಇಲ್ಲ. ಈಗ ಎರಡೂವರೆ, ಲೈಬ್ರರಿಯ ಫ್ಯಾನು ಕಟಕಟ ಅನ್ನುತ್ತಿದೆ, ಅಮ್ಮ ಹೋದ ದಿನವೂ ಲೈಬ್ರರಿಯಲ್ಲಿದ್ದೆ ಅಂತಲೇ ಹೇಳಿದ್ದು, ಅಪ್ಪನಿಗೆ, ಡಾಕ್ಟರಿಗೆ, ತಂಗಿಗೆ, ಆರು ವರ್ಷ ಹೇಳಿ ಹೇಳಿ ಅಲ್ಲಿನ ಕುರ್ಚಿ ಕಿರುಗುಟ್ಟಿದ್ದೂ ನನಗೆ ನೆನಪಾಗುವಷ್ಟು, ಪ್ರತಿ ಪದವನ್ನೂ ತೂಗಿ ಬರೆಯುವವಳು ನಾನು, ಎಲ್ಲಿ ಜಾರಿತು ಆ ಸಾಲು, ಯಾವಾಗ ಬರೆದೆ — ಅವತ್ತು ಜಗಳ ಆಗಿತ್ತು, ಸಿನಿಮಾ ಓದಿ ಯಾರನ್ನ ಉದ್ಧಾರ ಮಾಡ್ತೀಯೇ, ನಾನು ಸತ್ತಮೇಲೆ ಏನಾದ್ರೂ ಮಾಡ್ಕೋ, ಅಮ್ಮ ಹಾಗೆ ಅಂದದ್ದು ಎಷ್ಟನೇ ಸಲವೋ, ಹಾಗಂದು ಎದೆ ಹಿಡಿದುಕೊಂಡು ಕೂರುವುದು, ನಾನು ಅತ್ತು ಸೋತಮೇಲೆ ಎದ್ದು ಏನೂ ಆಗದವಳಂತೆ ಚಹಾ ಸೋಸುವುದು, ಅವತ್ತೂ ಹಾಗೇ ಅಂದುಕೊಂಡೆ, ಹೆಗಲಿಗೆ ಚೀಲ ಹಾಕಿಕೊಂಡು, ಚೆನ್ನಾಗಿ ನಟಿಸ್ತೀಯಮ್ಮ, ಅಂದೆ, ಅವಳಿಗೆ ಕೇಳಿಸುವಷ್ಟು ಜೋರಾಗಿ ಅಂದೆ, ಮೆಟ್ಟಿಲಿಳಿದು ಹೋದೆ. ಮೊಬೈಲು ನಡುಗುತ್ತಿದೆ, ತಂಗಿ, ಅಕ್ಕಾ ಮೇಷ್ಟ್ರು ಚೆನ್ನಾಗಿ ಚಳಿ ಬಿಡಿಸಿದ್ರಂತೆ, ಅತ್ತುಬಿಟ್ಯಾ, ಅಮ್ಮನ ಪಾತ್ರ ನಂದೇ ತಾನೇ, ಹೊಸ ಕರಡು ಮೊದಲು ನಂಗೇ ಕಳಿಸ್ಬೇಕು — ನಿನಗೇ ಕಳಿಸಬೇಕು ಪುಟ್ಟಿ, ಹನ್ನೊಂದನ್ನು ಓದಿದ ಮೇಲೆ ನನ್ನನ್ನು ಅಕ್ಕಾ ಅನ್ನುತ್ತೀಯಾ? ಬಾಗಿಲಲ್ಲಿ ನೆರೆಮನೆಯಾಕೆ, ಅಂತ ಟೈಪು ಮಾಡಿದೆ, ಆಕೆ ಕಿರುಚಿ ಒಳಗೆ ಓಡುತ್ತಾಳೆ, ಅಳಿಸಿದೆ, ಅಂಚೆಯವನು, ಅವನೂ ಕೈಲಿದ್ದದ್ದು ಎಸೆದು ಓಡುತ್ತಾನೆ, ಅಳಿಸಿದೆ, ಯಾರನ್ನು ತಂದು ನಿಲ್ಲಿಸಿದರೂ ಓಡಿ ಹಿಡಿಯುತ್ತಾರೆ, ಅಪರಿಚಿತರೂ, ನಿಲ್ಲುವವಳು ಒಬ್ಬಳೇ — ಬಾಗಿಲಲ್ಲಿ ಮಗಳು, ಬರೆದೆ, ಮುಂದಿನ ಸಾಲು, ತಾಯಿಯ ಒದ್ದೆ ಕೈ ಅಂಚು ತಡಕುತ್ತದೆ, ಜಾರುತ್ತದೆ, ಮತ್ತೆ ತಡಕುತ್ತದೆ, ಜಾರುತ್ತದೆ, ಮೂರನೇ ಸಲ — ಇಲ್ಲ, ಇದು ತಪ್ಪು, ಮೇಷ್ಟ್ರಿಗೂ ಗೊತ್ತಾಗದ ತಪ್ಪು, ಮೂರನೇ ಸಲ ಆ ಕೈ ಸಿಂಕಿನ ಕಡೆ ಹೋಗಲೇ ಇಲ್ಲ, ಬಾಗಿಲ ಕಡೆ, ನನ್ನ ಕಡೆ, ನೀರು ತೊಟ್ಟಿಕ್ಕುವ ಐದು ಬೆರಳು, ಬಿಡಿಸಿ, ನನ್ನ ಕಡೆ, ಐದು ಬೆರಳು —