ಜೋಡಿ ಓದು

ನಮ್ಮ ಆಸ್ಪತ್ರೆಯ ಔಷಧ ಕೋಣೆಯಿಂದ ಒಂದು ಶೀಶೆ ಹೊರಗೆ ಹೋಗಬೇಕಾದರೆ ಇಬ್ಬರು ಬೇಕು. ಒಬ್ಬರು ಶೀಶೆಯ ಮೇಲಿನ ಹೆಸರನ್ನೂ ಅಂಕಿಯನ್ನೂ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ವೈದ್ಯರ ಚೀಟಿ ನೋಡಿ ಹೌದು ಅನ್ನಬೇಕು. ಇದನ್ನು ಜೋಡಿ ಓದು ಎನ್ನುತ್ತೇವೆ. ಆ ಮಂಗಳವಾರ ಓದಬೇಕಾದವಳು ನಾನು. ಸಾವಿರ ಯೂನಿಟ್ಟಿನ ಶೀಶೆಯ ಬದಲು ಐದು ಸಾವಿರದ್ದು ಹೋಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಅದು. ಮೂರನೇ ಮಹಡಿಯಲ್ಲಿದ್ದ, ಹಿಂದೆ ದರ್ಜಿಯಾಗಿದ್ದ ಮುದುಕರೊಬ್ಬರಿಗೆ ಹೊಟ್ಟೆಯೊಳಗೆ ರಕ್ತ ಸೋರಿತು. ಉಳಿದರು. ಉಳಿಯುತ್ತಾರೆಂದು ಎರಡು ದಿನ ಯಾರೂ ಹೇಳಿರಲಿಲ್ಲ.

ವಿಚಾರಣೆಗೆ ಮೊದಲು ದೊಡ್ಡಕ್ಕ ನನ್ನನ್ನು ಬೀರುಗಳ ಹಿಂದಕ್ಕೆ ಕರೆದಳು. ಅವಳು ನಮ್ಮ ಕೋಣೆಗೆ ಹಿರಿಯಳು. ನಿವೃತ್ತಿಗೆ ಎಂಟು ತಿಂಗಳಿತ್ತು. ಅಂದು ಫೋನ್ ಬಂತೆಂದು ಎದ್ದು ಹೋಗಿ, ನನ್ನ ಜೊತೆ ಮೌನಿಯನ್ನು ನಿಲ್ಲಿಸಿದ್ದು ತಾನಾದ್ದರಿಂದ ತಪ್ಪು ತನ್ನದೇ ಎಂದು ಹೇಳುವುದಾಗಿ ತಿಳಿಸಿದಳು. ನನಗೆ ಬಾಯಿ ಬಿಡಬೇಡ ಅಂದಳು. ಮೌನಿ ನಮ್ಮ ಸಹೋದ್ಯೋಗಿ. ನಿದ್ದೆಯಲ್ಲೂ ವಟಗುಟ್ಟುತ್ತಾನೆಂದು ಅವನ ಹೆಂಡತಿಯೇ ಇಟ್ಟ ಹೆಸರದು. ಕಾಲು ಮುರಿದುಕೊಂಡು ಏಳು ತಿಂಗಳು ಮನೆಯಲ್ಲಿದ್ದವನು ಆ ಮಂಗಳವಾರದ ಹಿಂದಿನ ದಿನವಷ್ಟೇ ಕೆಲಸಕ್ಕೆ ಬಂದಿದ್ದ.

ನನ್ನ ಗಂಡ ತೀರಿಕೊಂಡು ಆಗ ಆರು ತಿಂಗಳು.

ವಿಚಾರಣೆಗೆ ಬಂದಾಕೆ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತಿದ್ದರು. ದೊಡ್ಡಕ್ಕ ಬಾಯಿ ತೆರೆಯುವ ಮೊದಲೇ ನಾನು ತಪ್ಪು ನನ್ನದು ಅಂದೆ. ದೊಡ್ಡಕ್ಕ ಇಲ್ಲ, ನನ್ನದು ಅಂದಳು. ಆಕೆ ಇಬ್ಬರಿಗೂ ತಲೆಯಾಡಿಸಿದರು.

"ಯಾರ ತಪ್ಪು ಅಂತ ಕೇಳೋಕೆ ನಾನು ಬಂದಿಲ್ಲ. ಆ ದಿನದ್ದು ಆಮೇಲೆ ನೋಡೋಣ. ದಿನಾ ಹೇಗೆ ಮಾಡ್ತೀರೋ ಹಾಗೆ ಮಾಡಿ ತೋರಿಸಿ."

ಬೈಸಿಕೊಳ್ಳಲು ಬಂದವಳಿಗೆ ಬೈಯುವವರೇ ಇರಲಿಲ್ಲ. ಖಾಲಿ ಶೀಶೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ದೊಡ್ಡಕ್ಕನೂ ನಾನೂ ಮೇಜಿನ ಮುಂದೆ ನಿಂತೆವು. ನಾನು ಒಂದನ್ನು ಎತ್ತಿದೆ. ತುಟಿ ಬಿಚ್ಚುವಷ್ಟರಲ್ಲಿ ಅವಳ ಎರಡು ಬೆರಳು ನನ್ನ ಕೈಯಲ್ಲಿದ್ದ ಶೀಶೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡವು. ಅವಳೇ ಓದಿದಳು, ಅವಳೇ ಚೀಟಿ ನೋಡಿದಳು, ಅವಳೇ ಹೌದು ಅಂದಳು. ಆಮೇಲೆ ತನ್ನ ಬೆರಳುಗಳನ್ನು ಕಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಯಾವಾಗಿನಿಂದ ಹೀಗೆ ಎಂದು ಆಕೆ ಕೇಳಿದರು. ದೊಡ್ಡಕ್ಕ ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟಳು.

"ಇವಳ ಗಂಡ ಹೋದಾಗಿಂದ. ಓದೋಕೆ ಹೋದ್ರೆ ಅರ್ಧಕ್ಕೇ ನಿಲ್ಲಿಸಿಬಿಡೋಳು. ತಪ್ಪು ಶೀಶೆ ಎತ್ತೋಳು. ನಾವು ಸದ್ದಿಲ್ದೆ ಬದಲಾಯಿಸ್ತಿದ್ವಿ."

"ನಾವು ಅಂದ್ರೆ?"

"ಎಲ್ರೂ. ಇವಳ ಜೊತೆ ಯಾರೇ ನಿಂತ್ರೂ ಎರಡೂ ಕೆಲಸ ಅವರೇ ಮಾಡ್ಬೇಕು ಅಂತ ಮಾತಾಡ್ಕೊಂಡಿದ್ವಿ. ಮೇಲಿನವರಿಗೆ ಗೊತ್ತಾದ್ರೆ ರಜೆ ಕೊಟ್ಟು ಕಳಿಸ್ತಿದ್ರು. ಆ ಮನೇಲಿ ಒಬ್ಳೇ ಕೂತು ಗೋಡೆ ನೋಡ್ಬೇಕಿತ್ತಾ?"

"ನಂಗ್ಯಾರೂ ಹೇಳ್ಲಿಲ್ವಲ್ಲಕ್ಕಾ," ಅಂದ, ಉಳಿದವರ ಜೊತೆ ಬಾಗಿಲಲ್ಲಿ ನಿಂತಿದ್ದ ಮೌನಿ. "ಊರ ಸುದ್ದಿನೆಲ್ಲಾ ಫೋನ್ ಮಾಡಿ ಹೇಳಿದ್ರಿ. ಇವಳು ಬಾಯಿ ಬಿಡ್ದೆ ಶೀಶೆ ಕೊಟ್ಳು, ಮನಸ್ಸಲ್ಲೇ ಓದಿರ್ತಾಳೆ ಅಂತ ನಾನು ಹೌದು ಅಂದ್ಬಿಟ್ಟೆ."

ಗುಟ್ಟಿನ ಏರ್ಪಾಡಾದ್ದರಿಂದ ಎಲ್ಲೂ ಬರೆದಿರಲಿಲ್ಲ. ರಜೆಯಲ್ಲಿದ್ದವನೊಬ್ಬನಿಗೆ ತಲುಪಿರಲಿಲ್ಲ, ಅಷ್ಟೇ. ಆಕೆ ಇನ್ನೂ ಕೆದಕಿದರು. ಎರಡೂ ಶೀಶೆಗಳಿಗೆ ಒಂದೇ ನೀಲಿ ಮುಚ್ಚಳ ಬರತೊಡಗಿದ್ದು ಮೂರು ತಿಂಗಳಿನಿಂದ ಎಂದು ಗೊತ್ತಾಯಿತು. ಅಷ್ಟು ದಿನವೂ ಯಾರೋ ಒಬ್ಬರು ತಪ್ಪನ್ನು ಹಿಡಿಯುತ್ತಿದ್ದುದರಿಂದ ಅದು ದೂರಾಗಿ ಮೇಲಕ್ಕೆ ಹೋಗಿರಲಿಲ್ಲ.

ಎಲ್ಲರೂ ನನ್ನ ಮುಖ ನೋಡುವುದನ್ನು ತಪ್ಪಿಸುತ್ತಿದ್ದರು. ಏನೂ ಅರಿಯದವಳನ್ನು ಬೆತ್ತಲೆ ಮಾಡಿದೆವೆಂಬ ಸಂಕಟ ಅವರಿಗೆ. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರ ಕನಿಕರವೊಂದೇ ಕಾರಣವಾಗಿ ದಾಖಲಾಗುತ್ತಿತ್ತು. ಅದನ್ನು ನಿವೃತ್ತಿಯವರೆಗಿನ ಎಂಟು ತಿಂಗಳೂ ದೊಡ್ಡಕ್ಕ ಹೊರುತ್ತಿದ್ದಳು.

"ನನಗೆ ಗೊತ್ತಿತ್ತು," ಅಂದೆ.

ನನ್ನ ಗಂಡ ಹೋದ ಎರಡನೇ ತಿಂಗಳು. ನಾನಿಟ್ಟ ಶೀಶೆಯನ್ನು ಯಾರೋ ತೆಗೆದು ಬೇರೆಯದನ್ನು ಇಟ್ಟಿದ್ದರು. ಔಷಧಶಾಸ್ತ್ರ ಓದಿದವಳು ನಾನು, ಅದರ ಅರ್ಥ ನನಗೆ ಆಗದಿರಲಿಲ್ಲ. ಕೇಳಲಿಲ್ಲ. ಯಾರೋ ಹಿಂದೆ ನಿಂತು ಹಿಡಿದುಕೊಂಡಿದ್ದಾರೆ ಅನ್ನಿಸಿತು. ಹಾಗೆ ಹಿಡಿದುಕೊಳ್ಳುವವರು ಮನೆಯಲ್ಲಿ ಇರಲಿಲ್ಲ. ಅಂದಿನಿಂದ ಶೀಶೆಯ ಅಂಕಿ ನೋಡುವುದನ್ನೇ ಬಿಟ್ಟೆ. ಇಷ್ಟನ್ನೂ ಹೇಳಿದೆ.

ದೊಡ್ಡಕ್ಕ ಕುರ್ಚಿಯ ಮೇಲೆ ಕೂತುಬಿಟ್ಟಳು. ವಿಚಾರಣೆಯಾಕೆ ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು. ನನ್ನ ಹೆಸರು ಹಾಕಿ ಅಂದೆ. ಈ ವರದಿಯಲ್ಲಿ ಹೆಸರಿಗೆ ಜಾಗವಿಲ್ಲ ಅಂದರು. ಮನೆಯಲ್ಲಿ ಸಾವು ಕಂಡು ಕೆಲಸಕ್ಕೆ ಮರಳಿದವರು ಇಂತಿಷ್ಟು ದಿನ ಶೀಶೆ ಮುಟ್ಟದೆ ಬೇರೆ ಕೆಲಸ ಮಾಡುವಂತಾಗಬೇಕು, ಹಿಡಿದ ತಪ್ಪನ್ನೆಲ್ಲ ಅಂದೇ ಬರೆದಿಡಬೇಕು, ಮುಚ್ಚಳದ ಬಣ್ಣ ಬದಲಾಗಬೇಕು: ಹೀಗೆ ಬರೆಯುತ್ತಾ ಹೋದರು. ಒಳ್ಳೆಯ ಮಾತುಗಳೇ. ಎಲ್ಲಿ ಹುಡುಕಿದರೂ ಅವುಗಳಲ್ಲಿ ನಾನಿರಲಿಲ್ಲ.

ಮುದುಕರ ಮನೆಯವರಿಗೆ ನಡೆದದ್ದನ್ನು ತಿಳಿಸಲೇಬೇಕೆಂಬುದು ನಿಯಮ. ಅದನ್ನು ತಾನು ಮಾಡುವುದಾಗಿ ಆಕೆ ಅಂದಾಗ, ನಾನೂ ಬರುತ್ತೇನೆ ಅಂದೆ. ಬೇಡವೆನ್ನಲಿಲ್ಲ.

ಮುದುಕರು ನಿದ್ದೆಯಲ್ಲಿದ್ದರು. ಹೊದಿಕೆಯ ಮೇಲಿದ್ದ ಕೈ ಹಳದಿಗಟ್ಟಿತ್ತು. ಪಕ್ಕದಲ್ಲಿ ಮಗಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಔಷಧ ಅದಲುಬದಲಾದ ಸುದ್ದಿ ವಾರ್ಡಿನಲ್ಲಿ ಅವಳ ಕಿವಿಗೆ ಆಗಲೇ ಬಿದ್ದಿತ್ತು; ವಿಚಾರಣೆಯಾಕೆ ಮಾತು ಶುರುಮಾಡುವ ಮೊದಲೇ ಅವಳು ನನ್ನನ್ನು ನೋಡಿದಳು.

"ನೀವೇನಾ?"

"ನಾನೇ."

ಖಾಲಿ ಸ್ಟೂಲಿನ ಕಡೆ ನನ್ನ ಕೈ ಹೋಗಿತ್ತು.

"ಕೂತ್ಕೋಬೇಡಿ," ಅಂದಳು. "ನಿಂತ್ಕೊಂಡೇ ಹೇಳಿ."

ನಿಂತುಕೊಂಡು ಹೇಳತೊಡಗಿದೆ.