ಎಂಟನೆಯ ಟೆಂಟು

ಏಳು ಟೆಂಟು ನೋಡಿ ಏಳನ್ನೂ ಬೇಡವೆಂದೆ. ಒಂದರ ತಳ ತೆಳು, ಇನ್ನೊಂದರ ಜಿಪ್ಪು ಮೊಂಡು, ಮತ್ತೊಂದರಲ್ಲಿ ಹೊಲಿಗೆಯ ತೂತು ಮುಚ್ಚಲು ಅಂಟಿಸುವ ಪಟ್ಟಿ ಉಗುರು ತಾಗಿಸಿದರೆ ಕಿತ್ತು ಬಂತು. ಅಂಗಡಿಯವನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಆಗಲಿ ಬಿಡಿ, ನನಗೇನು? ಮೂವತ್ತೊಂದು ವರ್ಷ ರೇನ್‌ಕೋಟ್ ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷೆ ಮಾಡಿದವಳು ನಾನು. ಬಟ್ಟೆಯನ್ನು ದೀಪಕ್ಕೆ ಹಿಡಿದು, ಬೆಳಕಿನ ಒಂದೇ ಒಂದು ಚುಕ್ಕೆ ಕಂಡರೂ ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಬೆಳಕು ನುಗ್ಗಿದ ಕಡೆ ನೀರು ನುಗ್ಗದೆ ಇರುತ್ತದೆಯೇ?

ರಜೆಯಲ್ಲಿ ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ನಾನು ಕೆರೆ ದಂಡೆಯಲ್ಲಿ ನಾಲ್ಕು ದಿನ ಇರುವುದೆಂದು ತೀರ್ಮಾನವಾಗಿತ್ತು. ಹೋದ ವರ್ಷ ಮಳೆಯಲ್ಲಿ ನೆನೆದು ಪುಟ್ಟಿಗೆ ನ್ಯುಮೋನಿಯಾ ಆಗಿ ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. ಇನ್ನು ಆ ಮಗು ಒಂದು ಹನಿಯೂ ನೆನೆಯಬಾರದು. "ಅಮ್ಮ ಒಪ್ಪಿದ್ದನ್ನೇ ತಗೊಳ್ಳೋಣ" ಎಂದು ಮಗ ಅಂದಾಗ ಒಳಗೊಳಗೇ ಬೀಗಿದ್ದೆ, ಸುಳ್ಳೇಕೆ ಹೇಳಲಿ.

ಎಂಟನೆಯದು ನೀಲಿ ಬಣ್ಣದ್ದು. ಅಂಗಡಿಯ ನಡುವೆ ಕಟ್ಟಿ ನಿಲ್ಲಿಸಿದ್ದರು. ಒಳಗೆ ಹೋಗಿ ಅಂಗಾತ ಮಲಗಿ, ಟ್ಯೂಬ್‌ಲೈಟಿನ ಬೆಳಕಿಗೆ ಮೇಲಿನ ಹೊಲಿಗೆಯನ್ನೆಲ್ಲ ದಿಟ್ಟಿಸಿದೆ. ಒಂದು ಚುಕ್ಕೆಯೂ ಇಲ್ಲ!

"ಇದು ಪಕ್ಕಾ!" ಎಂದು ಹೊರಗೆ ಬಂದೆ. "ತಲೆ ಮೇಲೆ ಕೆರೆ ಮಗುಚಿದ್ರೂ ಒಂದ್ಹನಿ ಒಳಗೆ ಬರಲ್ಲ."

ಮಗ, ಸೊಸೆ ಒಳಗೆ ಹೊಕ್ಕು ಜಿಪ್ಪು ಎಳೆದುಕೊಂಡರು. ಪುಟ್ಟಿ ಅಂಗಡಿಯ ಮೂಲೆಯಲ್ಲಿ ಮಲಗುಚೀಲಗಳ ಮೇಲೆ ಕುಪ್ಪಳಿಸುತ್ತಿದ್ದಳು. ನಾನು ಟೆಂಟಿನ ಹಿಂಭಾಗಕ್ಕೆ ಹೋಗಿ, ಮಂಡಿಯೂರಿ ತಳದ ಪಟ್ಟಿ ಸವರುತ್ತಿದ್ದೆ. ಜಿಪ್ಪು ಎಳೆದುಕೊಂಡರೆ ಜನಕ್ಕೆ ಬಟ್ಟೆಯೂ ಗೋಡೆ ಅನ್ನಿಸಿಬಿಡುತ್ತದೆ.

"ರೀ, ಮೇಲೆ ನೋಡ್ರೀ. ಜರಡಿ ಇದ್ದಂಗಿದೆ" ಎಂದಳು ಸೊಸೆ.

"ಮೆಲ್ಲಗೆ ಮಾತಾಡೇ. ಆಮೇಲೆ ನಾನೇ ಪಟ್ಟಿ ಹಾಕಿಸ್ತೀನಿ. ಪುಟ್ಟಿ ರೇನ್‌ಕೋಟಿಗೆ ಹಾಕಿಸ್ಲಿಲ್ವಾ?"

"ಹಾಕಿಸಿದ್ದು ಯಾವಾಗ? ಮಗು ಆಸ್ಪತ್ರೆಯಿಂದ ಬಂದ್ಮೇಲೆ!"

ಯಾವ ರೇನ್‌ಕೋಟು? ನಾನು ಹೊಲಿದುಕೊಟ್ಟದ್ದೇ? ಅದನ್ನು ತೊಟ್ಟುಕೊಂಡೇ ಮಗು ನೆನೆಯಿತೇ? ಅಯ್ಯೋ, ಅದರ ಬಗ್ಗೆ ಕಂಡಕಂಡವರ ಮುಂದೆಲ್ಲ ಕೊಚ್ಚಿಕೊಂಡಿದ್ದೆನಲ್ಲ!

"ಅತ್ತೆಗೆ ಹೇಳ್ಬಿಡಿ. ಇನ್ನೆಷ್ಟು ದಿನ ಮುಚ್ಚಿಡ್ತೀರಾ?"

"ಏನಂತ ಹೇಳ್ಲೇ? ಕಾರ್ಖಾನೆಯವರು ನನ್ನ ಕರೆಸಿ, ನಿಮ್ಮಮ್ಮಂಗೆ ಕಣ್ಣು ಕಾಣಿಸ್ತಿಲ್ಲ, ತೂತಿರೋದನ್ನೆಲ್ಲ ಪಾಸ್ ಮಾಡ್ತಿದ್ದಾರೆ, ಮರ್ಯಾದೆಯಿಂದ ಮನೆಗೆ ಕಳಿಸ್ತೀವಿ ಅಂದ್ರು. ಆವತ್ತೇ ನನಗೆ ಬಾಯಿ ಬರ್ಲಿಲ್ಲ."

ಗೋಡೆ ಗಡಿಯಾರ ಕೊಟ್ಟು, ಎದ್ದು ನಿಂತು ಚಪ್ಪಾಳೆ ತಟ್ಟಿ ಕಳಿಸಿದ್ದರು ನನ್ನನ್ನು. ಎರಡು ವರ್ಷದಿಂದ ಆ ಗಡಿಯಾರ ಒರೆಸಿ ಒರೆಸಿ ಇಡುತ್ತಿದ್ದೇನೆ. ಮಂಡಿಯೂರಿದ್ದವಳು ಹಾಗೇ ಕುಸಿದು ಕೂತೆ.

"ಏನಮ್ಮಾ, ಸದ್ಯ ಒಂದಾದ್ರೂ ಒಪ್ಕೊಂಡ್ರಲ್ಲ. ಪ್ಯಾಕ್ ಮಾಡ್ಲಾ?" ಎಂದ ಅಂಗಡಿಯವನು.

ಮಗ ಸೊಸೆಯೊಡನೆ ಹೊರಗೆ ಬಂದು, "ಅಮ್ಮ ಹೇಳಿದ್ಮೇಲೆ ಮುಗೀತು" ಎಂದು ನಕ್ಕ. ಎದ್ದು ಪುಟ್ಟಿಯ ಕೈ ಹಿಡಿದು ಒಳಗೆ ಕರೆದೊಯ್ದೆ. ಇಬ್ಬರೂ ಅಂಗಾತ ಮಲಗಿದೆವು.

"ಪುಟ್ಟೀ, ಮೇಲೆ ಬೆಳಕಿನ ಚುಕ್ಕೆ ಕಾಣುತ್ತಾ?"

ಅವಳು ಕತ್ತು ಹೊರಳಿಸಿ ಟೆಂಟಿನ ಬಾಗಿಲಲ್ಲಿ ನಿಂತ ತನ್ನ ಅಮ್ಮನ ಕಡೆ ತಿರುಗಿದಳು.

"ಇಲ್ಲ ಅಜ್ಜಿ. ಒಂದೂ ಇಲ್ಲ."

ಅಯ್ಯೋ ದೇವರೇ! ಏಳು ವರ್ಷದ ಕೂಸಿಗೂ ನನಗಾಗಿ ಸುಳ್ಳು ಹೇಳುವುದನ್ನು ಕಲಿಸಿಬಿಟ್ಟಿದ್ದಾರೆ.

"ಅಜ್ಜಿಗೆ ಕಣ್ಣು ಕಾಣಲ್ಲ ಕಣೇ" ಎಂದೆ, ಅಂಗಡಿಗೆಲ್ಲ ಕೇಳುವಂತೆ. "ನೀನೇ ಎಣಿಸಿ ಹೇಳು."

ಬಾಗಿಲಲ್ಲಿ ಸೊಸೆ ಬಿಕ್ಕಿದ್ದು ಕೇಳಿಸಿತು. ಪುಟ್ಟಿ ಬೆರಳು ಮೇಲೆತ್ತಿ, "ಒಂದು, ಎರಡು, ಮೂರು" ಎಂದು ಶುರುಮಾಡಿದಳು. ಆ ಬೆರಳು ಹೋದಲ್ಲೆಲ್ಲ ಕಣ್ಣರಳಿಸಿ ನೋಡಿದೆ. ಬರೀ ನೀಲಿ. ಮೂವತ್ತು ದಾಟಿದರೂ ಅವಳು ನಿಲ್ಲಿಸಲಿಲ್ಲ.